ಜಾನಕಿಯವರ ಅತ್ಯುತ್ತಮ ಹಾಡಿಗೊಂದು ಮತಪೆಟ್ಟಿಗೆ: ಡೆಕ್ ದುರಸ್ತಿಯಿಂದ ಎಣಿಕೆಯವರೆಗೆ

ಎಸ್. ಜಾನಕಿಯವರು ಕನ್ನಡದಲ್ಲಿ ಹಾಡಿದ ಹಾಡುಗಳ ಪೈಕಿ ಅತ್ಯುತ್ತಮವಾದುದು ಯಾವುದು ಎಂಬ ಪ್ರಶ್ನೆ ಮೈಸೂರಿನ ನಮ್ಮ ಹಳೆಯ ಹಾಡುಗಳ ಬಳಗದಲ್ಲಿ ಬಹುಕಾಲದಿಂದ ಇತ್ಯರ್ಥವಾಗದೆ ಉಳಿದಿತ್ತು. 2017ರ ಅಕ್ಟೋಬರಿನಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಅವರು ವಿದಾಯದ ಗಾಯನ ನಡೆಸಿಕೊಟ್ಟ ಮೇಲಂತೂ ನಾವು ಸೇರಿದಾಗಲೆಲ್ಲ ಈ ಚರ್ಚೆ ಏಳುತ್ತಿತ್ತು, ಕೈಯೆತ್ತಿಸಿ ಎಣಿಸುತ್ತಿದ್ದೆವು, ಎಣಿಸಿದಾಗಲೆಲ್ಲ ಬೇರೊಂದು ಹಾಡು ಮುಂದೆ ಬರುತ್ತಿತ್ತು. ರುಚಿಯ ವ್ಯತ್ಯಾಸವೊಂದರಿಂದಲೇ ಹೀಗಾಗುವುದಿಲ್ಲ ಎಂಬ ಅನುಮಾನ ನನಗಿತ್ತು. ಒಂದು ಹಾಡು ಸವೆದ ಕ್ಯಾಸೆಟ್ಟಿನಿಂದ ಕೇಳಿಬರುತ್ತಿತ್ತು, ಇನ್ನೊಂದು ಗೀರು ಬಿದ್ದ ರೆಕಾರ್ಡಿನಿಂದ, ಮತ್ತೊಂದು ಯಾರದೋ ಮೊಬೈಲಿನಿಂದ. ಜೋರಾಗಿ ಕೇಳಿಸಿದ ಹಾಡು ಚೆನ್ನಾಗಿದೆ ಎನಿಸುತ್ತಿತ್ತು, ಮಂಕಾಗಿ ಕೇಳಿಸಿದ ಹಾಡು ಹಿಂದೆ ಬೀಳುತ್ತಿತ್ತು. ಅಂದರೆ ನಾವು ಮತ ಹಾಕುತ್ತಿದ್ದುದು ಬಹುಮಟ್ಟಿಗೆ ಟೇಪಿನ ಸ್ಥಿತಿಗೇ ಹೊರತು ಹಾಡಿಗಲ್ಲ.

ಆದ್ದರಿಂದ ಮೊದಲು ಎಲ್ಲ ಹಾಡುಗಳನ್ನೂ ಒಂದೇ ವೇಗ, ಒಂದೇ ಧ್ವನಿಮಟ್ಟಕ್ಕೆ ತಂದು, ಬಳಿಕ ಒಬ್ಬರ ಮತ ಇನ್ನೊಬ್ಬರಿಗೆ ಕಾಣದಂತೆ ದಾಖಲಿಸುವ ಒಂದು ಸಣ್ಣ ವ್ಯವಸ್ಥೆಯನ್ನು ಮನೆಯಲ್ಲೇ ಕಟ್ಟಿದೆ. ಕ್ಯಾಸೆಟ್ ನುಡಿಸುವ ಡೆಕ್ಕಿನ ದುರಸ್ತಿ, ಹಾಡುಗಳ ಸಮೀಕರಣ, ಗುಂಡಿಗಳ ಡಬ್ಬಿ ಮತ್ತು ಎಣಿಕೆಯ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪಿ.ಬಿ. ಶ್ರೀನಿವಾಸ್ ಅಥವಾ ವಾಣಿ ಜಯರಾಂ ಅವರ ಹಾಡುಗಳಿಗೆ ಇದೇ ಕೆಲಸ ಮಾಡಬೇಕೆನ್ನುವವರಿಗೆ ಇದರಲ್ಲಿನ ಬಹುಪಾಲು ಹಾಗೆಯೇ ಉಪಯೋಗಕ್ಕೆ ಬರುತ್ತದೆ.

ಹತ್ತು ಹಾಡುಗಳ ಪಟ್ಟಿ

ಯುಗಳಗೀತೆಗಳನ್ನು ಆರಂಭದಲ್ಲಿಯೇ ಹೊರಗಿಟ್ಟೆವು. ಇನ್ನೊಬ್ಬ ಗಾಯಕರ ಮೇಲಿನ ಪ್ರೀತಿ ಮತದೊಳಗೆ ನುಸುಳಬಾರದೆಂಬುದು ಅದರ ಉದ್ದೇಶ. ಬಳಗದವರು ಸೂಚಿಸಿದವುಗಳಲ್ಲಿ ಉಳಿದ ಹತ್ತು ಇವು. ವಿಜಯಭಾಸ್ಕರ್ ಅವರ ಸಂಗೀತದಲ್ಲಿ 'ಬೆಳ್ಳಿಮೋಡ' ಚಿತ್ರಕ್ಕಾಗಿ ಹಾಡಿದ, ಬೇಂದ್ರೆಯವರ 'ಮೂಡಲ ಮನೆಯಾ'. 'ಗೆಜ್ಜೆಪೂಜೆ'ಯ 'ಗಗನವು ಎಲ್ಲೋ' ಮತ್ತು 'ಪಂಚಮವೇದ'. 'ಉಪಾಸನೆ'ಯ 'ಭಾರತ ಭೂಶಿರ'. ರಾಜನ್-ನಾಗೇಂದ್ರ ಅವರ ಸಂಗೀತದಲ್ಲಿ 'ಎರಡು ಕನಸು' ಚಿತ್ರದ 'ಪೂಜಿಸಲೆಂದೇ' ಮತ್ತು 'ಬಯಲು ದಾರಿ'ಯ 'ಬಾನಲ್ಲೂ ನೀನೆ'. ಜಿ.ಕೆ. ವೆಂಕಟೇಶ್ ಸಂಗೀತ ನೀಡಿದ, ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ಇರುವ 'ಸನಾದಿ ಅಪ್ಪಣ್ಣ' ಚಿತ್ರದ 'ಕರೆದರೂ ಕೇಳದೆ'. ಎಲ್. ವೈದ್ಯನಾಥನ್ ಅವರು ತೋಡಿ ಮತ್ತು ಆಭೋಗಿಗಳನ್ನು ಒಂದರೊಳಗೊಂದು ಹೊಸೆದು ಕಟ್ಟಿದ 'ಹೇಮಾವತಿ'ಯ 'ಶಿವ ಶಿವ ಎನ್ನದ'. ಕೊನೆಯದಾಗಿ ಇಳಯರಾಜ ಅವರ ಸಂಗೀತದ ಎರಡು: 'ಜನ್ಮ ಜನ್ಮದ ಅನುಬಂಧ'ದ 'ತಂಗಾಳಿಯಲ್ಲಿ' ಮತ್ತು 'ಪಲ್ಲವಿ ಅನುಪಲ್ಲವಿ'ಯ 'ನಗು ಎಂದಿದೆ'. ಬೆಳ್ಳಿಮೋಡ 1967ರದು, ಪಲ್ಲವಿ ಅನುಪಲ್ಲವಿ 1983ರದು. ಈ ನಡುವಿನ ಅವಧಿಯಲ್ಲಿ ಧ್ವನಿಮುದ್ರಣದ ರೀತಿಯೇ ಬದಲಾಗಿದ್ದುದರಿಂದ ಸಮೀಕರಣದ ಕೆಲಸ ಹಗುರವಾಗಿರಲಿಲ್ಲ.

ಹತ್ತರಲ್ಲಿ ನಾಲ್ಕು ಹಾಡುಗಳು ವಿಜಯಭಾಸ್ಕರ್ ಅವರವು ಎಂಬುದನ್ನು ಗಮನಿಸಬೇಕು. ಒಬ್ಬರಿಗೆ ಒಂದೇ ಮತ ಎಂಬ ಕ್ರಮದಲ್ಲಿ ಆ ಶೈಲಿಯನ್ನು ಮೆಚ್ಚುವವರ ಮತಗಳು ನಾಲ್ಕು ಕಡೆ ಹಂಚಿಹೋಗುತ್ತವೆ. ಶಹನಾಯಿಯ ಹಾಡು ತನ್ನ ಬಗೆಯದು ಒಂದೇ ಆಗಿರುವುದರಿಂದ ಅದರ ಮತಗಳು ಒಟ್ಟಿಗೆ ಉಳಿಯುತ್ತವೆ. ಈ ಕಾರಣಕ್ಕೆ ಒಂದೇ ಮತದ ಪದ್ಧತಿಯನ್ನು ಕೈಬಿಟ್ಟು, ಎರಡೆರಡು ಹಾಡುಗಳನ್ನು ಎದುರುಬದುರು ಇಟ್ಟು ಕೇಳಿಸುವ ಕ್ರಮವನ್ನು ಆರಿಸಿಕೊಂಡೆ. ಹತ್ತು ಹಾಡುಗಳಿಗೆ 45 ಜೋಡಿಗಳಾಗುತ್ತವೆ. ಪೂರ್ತಿ ಹಾಡುಗಳನ್ನು ಕೇಳಿಸಿದರೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಗಮನವಿಟ್ಟು ಕೇಳುವ ಕಿವಿ ಯಾರಿಗೂ ಇಲ್ಲ. ಪಲ್ಲವಿ ಮತ್ತು ಮೊದಲ ಚರಣವನ್ನಷ್ಟೇ ಇಟ್ಟುಕೊಂಡರೆ ಒಂದೊಂದೂ ಒಂದೂವರೆ ನಿಮಿಷದ ಆಸುಪಾಸಿಗೆ ಇಳಿದು, ಎಲ್ಲ ಜೋಡಿಗಳೂ ಎರಡು ಬೈಠಕ್ಕುಗಳಲ್ಲಿ ಮುಗಿಯುತ್ತವೆ.

ಡೆಕ್

ನನ್ನಲ್ಲಿದ್ದುದು ಬಹಳ ವರ್ಷ ಅಟ್ಟದ ಮೇಲಿದ್ದ, ಎರಡು ಹೆಡ್ಡಿನ ಒಂದು ಕ್ಯಾಸೆಟ್ ಡೆಕ್. ಪ್ಲೇ ಒತ್ತಿದರೆ ಮೋಟಾರು ಗುಂಯ್‌ಗುಟ್ಟುತ್ತಿತ್ತು, ಕ್ಯಾಸೆಟ್ಟಿನ ಗಾಲಿ ಮಾತ್ರ ತಿರುಗುತ್ತಿರಲಿಲ್ಲ. ಮೇಲಿನ ತಗಡು ಬಿಚ್ಚಿ ನೋಡಿದಾಗ ಮೋಟಾರಿಗೂ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೂ ನಡುವೆ ಇರಬೇಕಾದ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಎರಡಕ್ಕೂ ಮೆತ್ತಿಕೊಂಡಿತ್ತು. ಇದನ್ನು ಒಣಬಟ್ಟೆಯಿಂದ ಒರೆಸಲು ಹೋಗಬಾರದು. ಒರೆಸಿದಷ್ಟೂ ಹರಡುತ್ತದೆ, ಬೆರಳಿನಿಂದ, ಟೇಪಿನ ಧ್ವನಿಯನ್ನು ಓದುವ ಹೆಡ್ಡಿಗೂ ಅಂಟುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಗಳಿಂದ ಮೊದಲು ಅಂಚುಗಳನ್ನು, ಆಮೇಲೆ ಮೋಟಾರಿನ ಚಿಕ್ಕ ರಾಟೆಯ ಕಚ್ಚನ್ನು ಬಿಡಿಸಬೇಕು. ಕಚ್ಚಿನೊಳಗೆ ಒಂದು ಚೂರು ಉಳಿದರೂ ಹೊಸ ಬೆಲ್ಟು ಅದರ ಮೇಲೆ ಹಾಯುವಾಗಲೆಲ್ಲ ವೇಗ ಕುಲುಕುತ್ತದೆ, ಮತ್ತು ಆ ಕುಲುಕು ಬೇರೆಲ್ಲೂ ಕೇಳಿಸದಿದ್ದರೂ ಜಾನಕಿಯವರು ಎಳೆದು ನಿಲ್ಲಿಸುವ ಸ್ವರದಲ್ಲಿ ಎದ್ದು ಕೇಳಿಸುತ್ತದೆ.

ಹೊಸ ಬೆಲ್ಟಿನ ಅಳತೆಗೆ, ಬೆಲ್ಟು ಹಾಯುವ ದಾರಿಯುದ್ದಕ್ಕೂ ಒಂದು ನೂಲು ಸುತ್ತಿ, ಅದರ ಉದ್ದದಲ್ಲಿ ನೂರಕ್ಕೆ ಐದಾರು ಭಾಗ ಕಡಿಮೆ ಮಾಡಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಮಾರುವ ಅಂಗಡಿಗಳಲ್ಲಿ ಚೌಕ ಅಡ್ಡಕೊಯ್ತದ, 1.2 ಮಿಲಿಮೀಟರ್ ದಪ್ಪದ ಬೆಲ್ಟುಗಳ ಗೊಂಚಲು ಸಿಗುತ್ತದೆ; ಅದರಲ್ಲಿ ಹತ್ತಿರದ ಅಳತೆಯದನ್ನು ಆರಿಸಿಕೊಂಡೆ. ಬೆಲ್ಟು ಬಿಗಿ ಹೆಚ್ಚಾದರೆ ಮೋಟಾರಿನ ಬುಷ್ಷು ಸವೆಯುತ್ತದೆ, ಸಡಿಲವಾದರೆ ಜಾರುತ್ತದೆ. ಪಿಂಚ್ ರೋಲರು ಎಂಬ ರಬ್ಬರ್ ಉರುಳೆ ಗಾಜಿನ ಹಾಗೆ ಹೊಳೆಯುತ್ತಿತ್ತು, ಅಂದರೆ ಟೇಪನ್ನು ಹಿಡಿಯುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಆಲ್ಕೊಹಾಲು ರಬ್ಬರನ್ನು ಒಣಗಿಸುತ್ತದಾದ್ದರಿಂದ ಅದನ್ನು ಸೋಪಿನ ನೀರಿನಲ್ಲಿ ತೊಳೆದು, ನಯವಾದ ಮರಳುಕಾಗದದಿಂದ ಒಂದು ಸುತ್ತು ಉಜ್ಜಿ, ಮತ್ತೆ ತೊಳೆದು ಒಣಗಿಸಿದೆ. ಟೇಪನ್ನು ಎಳೆಯುವ ಲೋಹದ ಕಡ್ಡಿಯಾದ ಕ್ಯಾಪ್‌ಸ್ಟನ್ನಿನ ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಎರಡನೆಯ ಹನಿ ಕೆಳಗಿಳಿದು ಬೆಲ್ಟಿಗೆ ಬಂದರೆ ಮೊದಲಿನಿಂದ ಎಲ್ಲವನ್ನೂ ಮಾಡಬೇಕಾಗುತ್ತದೆ.

ಮುಂದಿನದು ವೇಗ. ಕ್ಯಾಸೆಟ್ಟಿನ ನಿಗದಿತ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. 3000 ಹರ್ಟ್ಸ್ ಸ್ವರವನ್ನು ಮುದ್ರಿಸಿರುವ ಪರೀಕ್ಷಾ ಕ್ಯಾಸೆಟ್ಟು ಹಾಕಿ, ಮೊಬೈಲಿನಲ್ಲಿ ಆವರ್ತನ ತೋರಿಸುವ ಆ್ಯಪ್ ತೆರೆದು, ಮೋಟಾರಿನ ಹಿಂಬದಿಯ ಸಣ್ಣ ರಂಧ್ರದೊಳಗಿರುವ ತಿರುಪನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಸ್ವರ 3000ಕ್ಕೆ ಬಂದು ನಿಲ್ಲುತ್ತದೆ. ಆದರೆ ಡೆಕ್ ಸರಿಯಾದ ಮಾತ್ರಕ್ಕೆ ಹಾಡಿನ ಶ್ರುತಿ ಸರಿಯಾಗುವುದಿಲ್ಲ, ಏಕೆಂದರೆ ಕ್ಯಾಸೆಟ್ಟಿಗೆ ನಕಲು ಮಾಡುವಾಗಲೇ ವೇಗ ತಪ್ಪಿರಬಹುದು. ನನ್ನಲ್ಲಿದ್ದ ಗೆಜ್ಜೆಪೂಜೆಯ ಕ್ಯಾಸೆಟ್ಟು ಅದೇ ಹಾಡಿನ ರೆಕಾರ್ಡಿಗಿಂತ ನೂರಕ್ಕೆ ಮೂರರಷ್ಟು ವೇಗವಾಗಿತ್ತು. ಕೇಳಲು ಇದು ಅಲ್ಪವೆನಿಸಬಹುದು; ಅರ್ಧಸ್ವರವೊಂದಕ್ಕೆ ನೂರಕ್ಕೆ ಸುಮಾರು ಆರು ಎಂದಿರುವಾಗ ಮೂರು ಎಂದರೆ ಅದರ ಅರ್ಧ. ಹಾಡು ಚುರುಕಾಗುತ್ತದೆ, ದನಿ ಎಳೆಯದಾಗುತ್ತದೆ, ಕೇಳುವವರಿಗೆ ಕಾರಣ ತಿಳಿಯದೆಯೇ ಅದು ಹೆಚ್ಚು ಹಿಡಿಸುತ್ತದೆ. ರೆಕಾರ್ಡು ಸಿಕ್ಕ ಹಾಡುಗಳಿಗೆಲ್ಲ ರೆಕಾರ್ಡನ್ನೇ ಪ್ರಮಾಣವಾಗಿ ಇಟ್ಟುಕೊಂಡೆ. ಟರ್ನ್‌ಟೇಬಲ್ಲಿನ ವೇಗವನ್ನು, 33⅓ ವೇಗಕ್ಕೆ 180 ಗೆರೆಗಳಿರುವ ಸ್ಟ್ರೋಬ್ ತಟ್ಟೆಯನ್ನು 50 ಹರ್ಟ್ಸ್ ವಿದ್ಯುತ್ತಿನ ದೀಪದಡಿ ನೋಡಿ, ಗೆರೆಗಳು ನಿಂತಂತೆ ಕಾಣುವವರೆಗೆ ಹೊಂದಿಸಿದ್ದಾಯಿತು. ಈ ಕೆಲಸಕ್ಕೆ ಹಳೆಯ ನಿಯಾನ್ ದೀಪ ಬೇಕು. ಈಗಿನ ಒಳ್ಳೆಯ ಎಲ್‌ಇಡಿ ಬಲ್ಬು ಮಿನುಗುವುದೇ ಇಲ್ಲವಾದ್ದರಿಂದ ಅದರಡಿ ಗೆರೆಗಳು ಕಾಣುವುದಿಲ್ಲ.

ಈ ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಅಜಿಮತ್, ಅಂದರೆ ಹೆಡ್ಡಿನ ಕೋನದ ಹೊಂದಾಣಿಕೆ. ಹೆಡ್ಡಿನ ಸೀಳು ಟೇಪಿಗೆ ನೇರ ಲಂಬವಾಗಿರಬೇಕು, ಸ್ವಲ್ಪ ಓರೆಯಾದರೂ ಮೇಲಿನ ಆವರ್ತನಗಳು ಮಾಯವಾಗುತ್ತವೆ. 10,000 ಹರ್ಟ್ಸಿನ ಒಂದು ಅಲೆ ಟೇಪಿನ ಮೇಲೆ ಆಕ್ರಮಿಸುವ ಉದ್ದ 4.76 ಮೈಕ್ರೊಮೀಟರ್ ಮಾತ್ರ ಎಂದರೆ ಓರೆಗೆ ಎಷ್ಟು ಕಡಿಮೆ ಅವಕಾಶವಿದೆಯೆಂದು ತಿಳಿಯುತ್ತದೆ. ಪ್ರತಿಯೊಂದು ಕ್ಯಾಸೆಟ್ಟಿಗೂ ಈ ಕೋನ ತುಸು ಬೇರೆಯಾಗಿರುವುದರಿಂದ ಪರೀಕ್ಷಾ ಕ್ಯಾಸೆಟ್ಟಿಗೆ ಹೊಂದಿಸಿ ಕೈತೊಳೆದುಕೊಳ್ಳುವಂತಿಲ್ಲ. ಇಲ್ಲಿ ಹಳೆಯ ಚಿತ್ರಗೀತೆಗಳು ಮೋನೋ ಆಗಿರುವುದೇ ಅನುಕೂಲವಾಯಿತು. ಎಡ ಮತ್ತು ಬಲ ಚಾನೆಲ್ಲುಗಳಲ್ಲಿ ಇರುವುದು ಒಂದೇ ಹಾಡು. ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಎರಡೂ ಒಂದನ್ನೊಂದು ಹೊಡೆದುಹಾಕಬೇಕು. ಹೀಗೆ ಕೂಡಿಸಿದ ಶಬ್ದವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹೆಡ್ಡಿನ ಪಕ್ಕದ ಸ್ಪ್ರಿಂಗ್ ತಿರುಪನ್ನು ನಿಧಾನವಾಗಿ ತಿರುಗಿಸಿದೆ. ಮೊದಲು ಹಾಡು ತೆಳ್ಳಗೆ ಕೇಳುತ್ತಿತ್ತು. ಆಮೇಲೆ ಸಕಾರ, ಶಕಾರಗಳಷ್ಟೇ ಉಳಿದವು. ಒಂದು ಹಂತದಲ್ಲಿ ಅವೂ ಅಡಗಿ ಬರೀ ಟೇಪಿನ ಹಿಸ್ಸೆನ್ನುವ ಸದ್ದು ಉಳಿಯಿತು. ಅಲ್ಲಿ ನಿಲ್ಲಿಸಿ, ತಲೆಕೆಳಗು ಮಾಡಿದ್ದನ್ನು ತೆಗೆದು ಸಹಜವಾಗಿ ಕೇಳಿದಾಗ 'ಪಂಚಮವೇದ'ದ ಅಕ್ಷರಗಳ ಅಂಚು ತೀಡಿದಷ್ಟು ಸ್ಪಷ್ಟವಾಗಿತ್ತು. ಎಲ್ಲ ಕ್ಯಾಸೆಟ್ಟುಗಳೂ ಮುಗಿದ ಮೇಲೆ ತಿರುಪನ್ನು ಪರೀಕ್ಷಾ ಕ್ಯಾಸೆಟ್ಟಿನ ಸ್ಥಾನಕ್ಕೆ ಮರಳಿಸಿ, ಒಂದು ಚುಕ್ಕೆ ಉಗುರುಬಣ್ಣ ಹಚ್ಚಿ ಭದ್ರಪಡಿಸಿದೆ.

ಒಂದು ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ತುಪ್ಪಟದ ಪ್ಯಾಡೇ ಉದುರಿಹೋಗಿತ್ತು. ಅದರ ಕವಚ ಐದು ತಿರುಪುಗಳದ್ದಾದ್ದರಿಂದ ಬಿಚ್ಚಿ, ಎರಡೂ ಸುರುಳಿಗಳನ್ನು ಒಂದು ಖಾಲಿ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಿದೆ. ಕವಚವನ್ನು ಬೆಸೆದು ಮುಚ್ಚಿರುವ ಕ್ಯಾಸೆಟ್ಟುಗಳಾದರೆ ಅಂಚಿನಲ್ಲಿ ಬ್ಲೇಡಿನಿಂದ ಸೀಳಬೇಕಾಗುತ್ತದೆ, ಅದಕ್ಕೆ ತಾಳ್ಮೆ ಬೇಕು.

ಒಂದೇ ಧ್ವನಿಮಟ್ಟ

ಡೆಕ್ಕಿನಿಂದಲೂ ಟರ್ನ್‌ಟೇಬಲ್ಲಿನಿಂದಲೂ ಬಂದ ಧ್ವನಿಯನ್ನು ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ 24 ಬಿಟ್, 48,000 ಹರ್ಟ್ಸಿನಲ್ಲಿ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶಕ್ಕೆ ಮುದ್ರಿಸಿಕೊಂಡೆ. ಎಲ್ಲವನ್ನೂ ಮೋನೋ ಮಾಡಿದೆ. ಮೋನೋ ರೆಕಾರ್ಡಿನಲ್ಲಿ ಹಾಡು ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ. ಧೂಳು, ಸವೆತಗಳ ಸದ್ದಿನಲ್ಲಿ ಒಂದು ಪಾಲು ಮೇಲೆ-ಕೆಳಗಿನ ಚಲನೆಯಿಂದ ಬರುತ್ತದೆ. ಎರಡೂ ಚಾನೆಲ್ಲುಗಳನ್ನು ಕೂಡಿಸಿದಾಗ ಆ ಪಾಲು ತಾನಾಗಿಯೇ ಕಳೆದುಹೋಗುತ್ತದೆ.

ಹಿಸ್ ತೆಗೆಯುವ ತಂತ್ರಾಂಶವನ್ನು ಬಳಸಲಿಲ್ಲ. ಅದು ಹಿಸ್ಸಿನೊಂದಿಗೆ ಗಾಯಕಿಯ ಉಸಿರನ್ನೂ ತೆಗೆಯುತ್ತದೆ, ಮತ್ತು ಜಾನಕಿಯವರ ಗಾಯನದಲ್ಲಿ ಉಸಿರು ಬಿಟ್ಟು ಹಿಡಿಯುವುದೇ ಅರ್ಧ ಅಭಿನಯ. ಬದಲಿಗೆ ಎಲ್ಲ ಹಾಡುಗಳಿಗೂ 10,000 ಹರ್ಟ್ಸಿನ ಮೇಲಿನದನ್ನು ಸಮನಾಗಿ ಕತ್ತರಿಸಿದೆ. 1983ರ ಹಾಡಿಗೆ ಇದರಿಂದ ನಷ್ಟವಾಯಿತೆಂಬುದು ನಿಜ. ಆದರೆ ಸ್ಪರ್ಧೆ ಇರುವುದು ಹಾಡುಗಳ ನಡುವೆ, ಸ್ಟುಡಿಯೊಗಳ ನಡುವೆ ಅಲ್ಲ.

ಧ್ವನಿಮಟ್ಟವನ್ನು ಹೊಂದಿಸಲು ಅಲೆಯ ಶಿಖರಗಳನ್ನು ಸಮ ಮಾಡಿದರೆ ಸಾಲದು. ಒಂದು ತಬಲಾ ಪೆಟ್ಟು ಎತ್ತರಕ್ಕೆ ಚಿಮ್ಮಿದ ಹಾಡು ಒಟ್ಟಾರೆ ಮೆಲ್ಲಗೆ ಕೇಳಿಸಬಹುದು. ಕಿವಿಗೆ ಕೇಳಿಸುವ ಜೋರನ್ನು ಅಳೆಯಲು ಪ್ರಸಾರ ಸಂಸ್ಥೆಗಳು ಎಲ್‌ಯುಎಫ್‌ಎಸ್ ಎಂಬ ಮಾಪನವನ್ನು ಬಳಸುತ್ತವೆ. ಯುರೋಪಿನ ಪ್ರಸಾರಕರು 2010ರಲ್ಲಿ ಮೈನಸ್ 23 ಎಂಬ ಮಟ್ಟವನ್ನು ನಿಗದಿಪಡಿಸಿಕೊಂಡರು. ಆಡಾಸಿಟಿಯಲ್ಲಿರುವ ಧ್ವನಿಮಟ್ಟ ಸಮೀಕರಣದ ಸೌಲಭ್ಯದಿಂದ ಹತ್ತೂ ತುಣುಕುಗಳನ್ನು ಅದೇ ಮಟ್ಟಕ್ಕೆ ತಂದೆ. ಇದೆಲ್ಲ ಅತಿಯಾಯಿತು ಎಂದು ಬಳಗದಲ್ಲಿ ಕೆಲವರು ನಕ್ಕರು. ಅವರಿಗಾಗಿ ಒಂದು ಪರೀಕ್ಷೆ ಇಟ್ಟೆ: 'ಬಾನಲ್ಲೂ ನೀನೆ'ಯ ಒಂದೇ ಮುದ್ರಣವನ್ನು ಎರಡು ಬಾರಿ, ಎರಡನೆಯದನ್ನು 2 ಡೆಸಿಬೆಲ್ ಹೆಚ್ಚಿಸಿ, ಎರಡು ಬೇರೆ ಮುದ್ರಣಗಳೆಂದು ಹೇಳಿ ಕೇಳಿಸಿದೆ. ಏಳು ಮಂದಿಯಲ್ಲಿ ಐವರು ಎರಡನೆಯದೇ ಉತ್ತಮವೆಂದರು. ಜೋರಾಗಿದೆ ಎಂದು ಒಬ್ಬರೂ ಹೇಳಲಿಲ್ಲ. 'ದನಿ ತುಂಬಿಕೊಂಡಿದೆ', 'ಭಾವ ಹೆಚ್ಚಿದೆ' ಎಂಬ ಮಾತುಗಳು ಬಂದವು. ಆಮೇಲೆ ಯಾರೂ ನಗಲಿಲ್ಲ.

ತುಣುಕು ಎಲ್ಲಿಂದ ಆರಂಭವಾಗಬೇಕೆಂಬ ಬಗ್ಗೆ ಮಾತ್ರ ನಿಜವಾದ ತಕರಾರು ಎದ್ದಿತು. ಪಲ್ಲವಿಯ ಮೊದಲ ಅಕ್ಷರದಿಂದ ಚರಣದ ಕೊನೆಯವರೆಗೆ, ನಡುವಿನ ವಾದ್ಯಭಾಗವನ್ನು ಮುಟ್ಟದೆ ಎಂಬುದು ನಾನು ಮಾಡಿದ ನಿಯಮ. ಬಳಗದ ಹಿರಿಯರಾದ, ನಾವೆಲ್ಲ ಮೇಷ್ಟ್ರು ಎಂದೇ ಕರೆಯುವ ನಿವೃತ್ತ ಅಧ್ಯಾಪಕರು ಇದನ್ನು ಒಪ್ಪಲಿಲ್ಲ.

"ಏನಪ್ಪಾ, ಖಾನ್ ಸಾಹೇಬರ ಶಹನಾಯಿಗೇ ಕತ್ತರಿ ಹಾಕಿದರೆ ಆ ಹಾಡಿನಲ್ಲಿ ಉಳಿಯೋದು ಏನು?"

"ಹಾಡಿಗೆ ಮುಂಚಿನದನ್ನ ಮಾತ್ರ ಬಿಟ್ಟಿದ್ದೀನಿ ಸಾರ್. ಪಲ್ಲವಿ ಆದಮೇಲೆ ಬರೋದು ಹಾಗೇ ಇದೆ. ಮುಂಚಿನದೂ ಬೇಕು ಅಂದರೆ ಹತ್ತೂ ಹಾಡಿಗೂ ಕೊಡಬೇಕಾಗುತ್ತೆ."

"ಕೊಡಪ್ಪ, ಯಾರು ಬೇಡ ಅಂದರು? ಮಧ್ಯಾಹ್ನದ ಊಟಾನೂ ಇಲ್ಲೇ ಆಗಲಿ."

ನಿಯಮ ಹಾಗೆಯೇ ಉಳಿಯಿತು, ಊಟವೂ ಆಯಿತು. ಆದರೂ ಮೇಷ್ಟರ ಆಕ್ಷೇಪಣೆಯಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆ ಹಾಡಿನಲ್ಲಿ ಶಹನಾಯಿ ಪಕ್ಕವಾದ್ಯವಲ್ಲ, ಎರಡನೆಯ ಗಾಯಕ. ಹಾಗಿದ್ದ ಮೇಲೆ ಅದನ್ನು ಯುಗಳಗೀತೆಯೆಂದು ಹೊರಗಿಡಬೇಕಿತ್ತೇ ಎಂಬ ಪ್ರಶ್ನೆಯನ್ನು ಅವರು ಎತ್ತದಿರಲೆಂದು ನಾನು ಸುಮ್ಮನಿದ್ದೆ.

ಗುಂಡಿಗಳ ಡಬ್ಬಿ

ಕೈಯೆತ್ತಿಸುವುದರಲ್ಲಿರುವ ತೊಡಕು ಎಲ್ಲರಿಗೂ ಗೊತ್ತಿರುವುದೇ: ಮೇಷ್ಟರ ಕೈ ಮೇಲೆ ಹೋದರೆ ಅವರ ಹಿಂದೆ ಮೂರು ಕೈಗಳು ಏಳುತ್ತವೆ. ಚೀಟಿಯಲ್ಲಿ ಬರೆಸಬಹುದಿತ್ತು, ಆದರೆ 45 ಸಲ ಏಳು ಚೀಟಿಗಳನ್ನು ಕೂಡಿಸುವ ಹೊತ್ತಿಗೆ ಹಾಡು ಮರೆತುಹೋಗುತ್ತದೆ. ಆದ್ದರಿಂದ ಒಬ್ಬೊಬ್ಬರ ಕೈಯಲ್ಲೂ ಎರಡು ಗುಂಡಿಗಳಿರುವ ಒಂದು ಡಬ್ಬಿ, ಏಳು ಡಬ್ಬಿಗಳಿಗೂ ನಡುವೆ ಆರ್ಡುಯಿನೊ ನ್ಯಾನೊ ಎಂಬ ಒಂದು ಪುಟ್ಟ ಕಂಪ್ಯೂಟರ್ ಫಲಕ ಎಂದು ಯೋಜಿಸಿದೆ. ಕೇಳುಗರ ಸಂಖ್ಯೆ ಬೆಸವಾಗಿರಲಿ ಎಂದೇ ಏಳು. ಯಾವ ಜೋಡಿಯಲ್ಲೂ ಸಮಬಲವಾಗುವಂತಿಲ್ಲ. ನನ್ನನ್ನು ಬಿಟ್ಟು ಲೆಕ್ಕ ಹಿಡಿದೆ.

ನ್ಯಾನೊದಲ್ಲಿ ಹದಿನಾಲ್ಕು ಗುಂಡಿಗಳಿಗೆ ಸ್ಥಳ ಸರಿಯಾಗಿ ಸಾಕಾಗುತ್ತದೆ. ಅದರ ಸಂಪರ್ಕದ ಕಾಲುಗಳಲ್ಲಿ ಡಿ2ರಿಂದ ಡಿ12ರವರೆಗೆ ಹನ್ನೊಂದು, ಎ0ಯಿಂದ ಎ2ರವರೆಗೆ ಮೂರು. ಎ4, ಎ5 ಕಾಲುಗಳು ಎರಡು ಸಾಲಿನ ಎಲ್‌ಸಿಡಿ ಪರದೆಗೆ. ಡಿ13ರಲ್ಲಿ ಒಂದು ಎಲ್‌ಇಡಿ. ಏಳೂ ಮತಗಳು ಬಂದಾಗ ಮಾತ್ರ ಅದು ಉರಿಯುತ್ತದೆ. ಡಿ0, ಡಿ1 ಯುಎಸ್‌ಬಿ ಸಂವಹನಕ್ಕೆ ಮೀಸಲು. ಪರದೆಯ ಮೇಲೆ ಜೋಡಿಯ ಸಂಖ್ಯೆ ಮತ್ತು ಎಷ್ಟು ಮಂದಿ ಒತ್ತಿದ್ದಾರೆ ಎಂಬುದಷ್ಟೇ ಕಾಣುತ್ತದೆ, ಯಾರು ಯಾವುದನ್ನು ಒತ್ತಿದರೆಂಬುದು ಕಾಣುವುದಿಲ್ಲ.

ಡಬ್ಬಿಗಳಿಗೆ ಪ್ರಯಾಣದಲ್ಲಿ ಒಯ್ಯುವ ಪ್ಲಾಸ್ಟಿಕ್ ಸೋಪು ಡಬ್ಬಿಗಳನ್ನು ಬಳಸಿದೆ. ಅಗ್ಗ, ಮುಚ್ಚಳ ಭದ್ರ, ಬಿಸಿ ಮಾಡಿದ ಮೊಳೆಯಿಂದ ತೂತು ಮಾಡಬಹುದು, ಮುದಿ ಕೈಗೂ ಹಿಡಿತ ಸಿಗುತ್ತದೆ. ಕೆಂಪು-ಹಸಿರು ಗುಂಡಿಗಳನ್ನು ಉದ್ದೇಶಪೂರ್ವಕವಾಗಿ ತೆಗೆದುಕೊಳ್ಳಲಿಲ್ಲ, ಹಸಿರು ಎಂದರೆ ಸರಿ ಎಂಬ ಅಭ್ಯಾಸ ನಮ್ಮ ಬೆರಳಿಗೂ ಇದೆ. ಎರಡೂ ಕಪ್ಪು ಗುಂಡಿಗಳೇ. ಮೊದಲು ಕೇಳಿಸಿದ ಹಾಡಿನ ಗುಂಡಿಯ ಪಕ್ಕ ಉಗುರುಬಣ್ಣದ ಒಂದು ಉಬ್ಬುಚುಕ್ಕೆ, ಎರಡನೆಯದಕ್ಕೆ ಎರಡು. ಕಣ್ಣು ಮುಚ್ಚಿ ಹಾಡು ಕೇಳುವವರು ಹೆಬ್ಬೆರಳಿನಿಂದಲೇ ಗುರುತಿಸಬಹುದು.

ಡಬ್ಬಿಯಿಂದ ನ್ಯಾನೊವರೆಗಿನ ತಂತಿಗೆ ಹಳೆಯ ಲ್ಯಾನ್ ಕೇಬಲ್ಲನ್ನು ಮೂರು ಮೀಟರಿನ ತುಂಡುಗಳಾಗಿ ಕತ್ತರಿಸಿದೆ. ಒಳಗಿನ ಎಂಟು ಎಳೆಗಳಲ್ಲಿ ಬೇಕಾದುದು ಮೂರು, ಎರಡು ಗುಂಡಿಗಳಿಗೆ ಮತ್ತು ಒಂದು ಗ್ರೌಂಡಿಗೆ. ಮೇಜಿನ ಮೇಲೆ ಎಲ್ಲವೂ ಚೆನ್ನಾಗಿ ನಡೆಯಿತು. ಕೋಣೆಯಲ್ಲಿ ತಂತಿಗಳನ್ನು ಹಾಸಿದ ಮೇಲೆ, ಪಕ್ಕದ ಅಡುಗೆಮನೆಯಲ್ಲಿ ಫ್ರಿಜ್ಜು ಆನ್ ಆದಾಗಲೆಲ್ಲ ಯಾರೂ ಒತ್ತದ ಮತಗಳು ದಾಖಲಾಗತೊಡಗಿದವು. ಗುಂಡಿ ಒತ್ತದಿರುವಾಗ ತಂತಿಯನ್ನು 5 ವೋಲ್ಟಿನಲ್ಲಿ ಹಿಡಿದಿಡಲು ನ್ಯಾನೊದ ಒಳಗಿರುವ ಪುಲ್-ಅಪ್ ನಿರೋಧದ ಬೆಲೆ 20ರಿಂದ 50 ಕಿಲೋಓಮ್. ಉದ್ದನೆಯ ತಂತಿಗೆ ಅದು ತೀರ ಬಲಹೀನವಾದ ಹಿಡಿತ, ತಂತಿ ಆಂಟೆನಾ ಆಗಿಬಿಡುತ್ತದೆ. ಪ್ರತಿ ಗುಂಡಿಯ ಕಾಲಿಗೂ 5 ವೋಲ್ಟಿನಿಂದ 4.7 ಕಿಲೋಓಮಿನ ಹೊರಗಿನ ನಿರೋಧವೊಂದನ್ನು, ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಬೆಸುಗೆ ಹಾಕಿದ ಮೇಲೆ ಫ್ರಿಜ್ಜಿನ ಮತದಾನ ನಿಂತಿತು. ತಂತ್ರಾಂಶದಲ್ಲಿಯೂ ಗುಂಡಿ 30 ಮಿಲಿಸೆಕೆಂಡುಗಳ ಕಾಲ ಸ್ಥಿರವಾಗಿ ಒತ್ತಿಕೊಂಡಿದ್ದರೆ ಮಾತ್ರ ಮತವೆಂದು ಪರಿಗಣಿಸುವಂತೆ ಬರೆದೆ. ಏಳನೆಯ ಮತ ಬಿದ್ದು ಮೂರು ಸೆಕೆಂಡಾಗುವವರೆಗೆ ಯಾರಾದರೂ ಮನಸ್ಸು ಬದಲಾಯಿಸಬಹುದು, ಅನಂತರ ಬಾಗಿಲು ಮುಚ್ಚುತ್ತದೆ.

ಕರೆಂಟು ಹೋದರೆ ಎಂಬ ಚಿಂತೆಗೆ ಪರಿಹಾರ ಚಿಪ್ಪಿನಲ್ಲೇ ಇತ್ತು. ನ್ಯಾನೊದ ಚಿಪ್ಪಿನಲ್ಲಿ ವಿದ್ಯುತ್ ಇಲ್ಲದಿದ್ದರೂ ಉಳಿಯುವ 1024 ಬೈಟುಗಳ ಸ್ಮೃತಿ ಇದೆ. ಏಳು ಕೇಳುಗರಿಗೆ ಏಳು ಬಿಟ್ಟುಗಳಾದರೆ ಒಂದು ಜೋಡಿಯ ಇಡೀ ಫಲಿತಾಂಶ ಒಂದು ಬೈಟಿನಲ್ಲಿ ಹಿಡಿಯುತ್ತದೆ, ಎಲ್ಲ ಸ್ಪರ್ಧೆಯೂ 45 ಬೈಟುಗಳಲ್ಲಿ ಮುಗಿಯುತ್ತದೆ. ಖಾಲಿ ಬೈಟನ್ನು ಓದಿದರೆ 255 ಬರುತ್ತದೆ, ಏಳು ಬಿಟ್ಟುಗಳ ಮತ ಎಂದಿಗೂ 127ನ್ನು ದಾಟುವುದಿಲ್ಲ. ಹೀಗಾಗಿ ಮತ್ತೆ ಚಾಲೂ ಮಾಡಿದಾಗ 255 ಕಂಡ ಮೊದಲ ಜಾಗವೇ ಮುಂದುವರಿಸಬೇಕಾದ ಜೋಡಿ. ಇದಕ್ಕೆ ಬೇರೆ ಗುರುತು ಬರೆದಿಡುವ ಅಗತ್ಯವೇ ಬೀಳಲಿಲ್ಲ. ಎರಡನೆಯ ಬೈಠಕ್ಕಿನ ನಡುವೆ ಕರೆಂಟು ನಿಜವಾಗಿಯೂ ಹೋಯಿತು, ಬಂದ ಮೇಲೆ ಡಬ್ಬಿ ತಾನು ನಿಂತ ಜೋಡಿಯಿಂದಲೇ ಮುಂದುವರಿಯಿತು.

ಜೋಡಿಗಳ ಕ್ರಮವನ್ನೂ ಯೋಚಿಸಬೇಕು. ಒಂದು ಹಾಡನ್ನು ಸ್ಥಿರವಾಗಿಟ್ಟು ಉಳಿದ ಒಂಬತ್ತನ್ನು ಒಂದೊಂದೇ ಸ್ಥಾನ ಸರಿಸುತ್ತ ಹೋದರೆ ಒಂಬತ್ತು ಸುತ್ತುಗಳಾಗುತ್ತವೆ, ಪ್ರತಿ ಸುತ್ತಿನಲ್ಲೂ ಪ್ರತಿ ಹಾಡು ಒಮ್ಮೆ ಮಾತ್ರ ಬರುತ್ತದೆ. ಇದರಿಂದ ಒಂದೇ ಹಾಡು ಮೇಲಿಂದ ಮೇಲೆ ಬಂದು ಬೇಸರ ತರಿಸುವುದು ತಪ್ಪುತ್ತದೆ. ಎರಡನೆಯದಾಗಿ ಕೇಳಿದ ಹಾಡು ನೆನಪಿನಲ್ಲಿ ಹಸಿಯಾಗಿರುತ್ತದಾದ್ದರಿಂದ, ಪ್ರತಿ ಹಾಡೂ ತನ್ನ ಒಂಬತ್ತು ಸರದಿಗಳಲ್ಲಿ ನಾಲ್ಕು ಅಥವಾ ಐದು ಬಾರಿ ಮಾತ್ರ ಎರಡನೆಯದಾಗುವಂತೆ ಹಂಚಿದೆ.

ಎಣಿಕೆ

ಲೆಕ್ಕ ಹಾಕುವಾಗ ಎರಡು ದಾರಿಗಳಿದ್ದವು. ಪ್ರತಿ ಹಾಡಿಗೆ ಎಲ್ಲ ಜೋಡಿಗಳಲ್ಲೂ ಬಿದ್ದ ಒಟ್ಟು ಮತಗಳನ್ನು ಕೂಡಿಸುವುದು ಒಂದು. ಒಂಬತ್ತು ಜೋಡಿಗಳಲ್ಲಿ ತಲಾ ಏಳು ಮತಗಳೆಂದರೆ ಗರಿಷ್ಠ 63. ಇದರ ಮೂಲ ವಿಚಾರ 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾನದು. ಅದೇ ಕಾಲದ ಕಾಂಡೋರ್ಸೆ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ಮಾನದಂಡವನ್ನು ಮುಂದಿಟ್ಟ: ಉಳಿದ ಪ್ರತಿಯೊಂದನ್ನೂ ಎದುರುಬದುರಿನಲ್ಲಿ ಬಹುಮತದಿಂದ ಸೋಲಿಸುವುದೇ ಗೆದ್ದದ್ದು. ಎರಡೂ ದಾರಿಗಳು ಸಾಮಾನ್ಯವಾಗಿ ಒಂದೇ ಕಡೆ ಸೇರುತ್ತವೆಂದು ನಾನು ಭಾವಿಸಿದ್ದೆನಾದರೂ ನಮ್ಮಲ್ಲಿ ಹಾಗಾಗಲಿಲ್ಲ.

ಒಟ್ಟು ಮತಗಳಲ್ಲಿ 'ಕರೆದರೂ ಕೇಳದೆ' 47 ಮತಗಳೊಂದಿಗೆ ಮೊದಲು ಬಂದಿತು, 'ಗಗನವು ಎಲ್ಲೋ' 41 ಪಡೆದು ಎರಡನೆಯದಾಯಿತು. ಆದರೆ ಎದುರುಬದುರಿನ ಲೆಕ್ಕದಲ್ಲಿ 'ಗಗನವು ಎಲ್ಲೋ' ಒಂಬತ್ತಕ್ಕೆ ಒಂಬತ್ತೂ ಜೋಡಿಗಳನ್ನು ಗೆದ್ದಿತ್ತು. 'ಕರೆದರೂ ಕೇಳದೆ'ಯನ್ನೂ ನಾಲ್ಕಕ್ಕೆ ಮೂರರಿಂದ ಸೋಲಿಸಿತ್ತು. ಶಹನಾಯಿಯ ಹಾಡು ಗೆದ್ದಲ್ಲೆಲ್ಲ ಐದು, ಆರು, ಏಳು ಮತಗಳಿಂದ ಗೆದ್ದರೆ, ಗೆಜ್ಜೆಪೂಜೆಯ ಹಾಡು ಎಲ್ಲ ಕಡೆ ಗೆದ್ದರೂ ಹೆಚ್ಚಿನ ಕಡೆ ಕೂದಲೆಳೆಯ ಅಂತರದಿಂದ ಗೆದ್ದಿತ್ತು. ನಮ್ಮ ನಿಯಮವನ್ನು ಮತದಾನಕ್ಕೆ ಮೊದಲೇ ಬರೆದು ಗೋಡೆಗೆ ಅಂಟಿಸಿದ್ದೆ: ಎಲ್ಲವನ್ನೂ ಸೋಲಿಸಿದ ಹಾಡು ಒಂದಿದ್ದರೆ ಅದೇ ವಿಜೇತ, ಇಲ್ಲದಿದ್ದರೆ ಒಟ್ಟು ಮತ. ಆ ಚೀಟಿ ಇಲ್ಲದಿದ್ದರೆ ಮೇಷ್ಟರನ್ನು ಒಪ್ಪಿಸುವುದು ಸಾಧ್ಯವಿರಲಿಲ್ಲ. ಅವರು ಈಗಲೂ 47 ಎಂಬ ಅಂಕಿಯನ್ನು ಹೇಳದೆ ಬಿಡುವುದಿಲ್ಲ.

ಪಟ್ಟಿಯ ನಡುವಿನಲ್ಲಿ ಕಾಂಡೋರ್ಸೆ ತಾನೇ ಎಚ್ಚರಿಸಿದ್ದ ವಿಚಿತ್ರವೂ ಕಾಣಿಸಿಕೊಂಡಿತು. 'ಪಂಚಮವೇದ'ವು 'ಬಾನಲ್ಲೂ ನೀನೆ'ಯನ್ನು ಗೆದ್ದಿತು, ಅದು 'ಪೂಜಿಸಲೆಂದೇ'ಯನ್ನು ಗೆದ್ದಿತು, 'ಪೂಜಿಸಲೆಂದೇ'ಯು ತಿರುಗಿ 'ಪಂಚಮವೇದ'ವನ್ನು ಗೆದ್ದಿತು. ಒಬ್ಬೊಬ್ಬ ಕೇಳುಗರ ಮತಗಳನ್ನು ಬಿಡಿಸಿ ನೋಡಿದರೆ ಅವರವರ ಆಯ್ಕೆಯಲ್ಲಿ ಗೊಂದಲವಿಲ್ಲ. ಏಳು ಮಂದಿಯನ್ನು ಕೂಡಿಸಿದಾಗ ಮಾತ್ರ ಈ ಸುತ್ತು ಹುಟ್ಟುತ್ತದೆ. ಆ ಮೂರಕ್ಕೂ ಒಂದೇ ಸ್ಥಾನ ಕೊಟ್ಟು ಬಿಟ್ಟೆವು.

ಮತಗಳು ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು, ಸ್ಪರ್ಧೆ ಮುಗಿದ ಮೇಲೆ ಐದು ಜೋಡಿಗಳನ್ನು ಹಿಂದುಮುಂದಾಗಿಸಿ ಮತ್ತೊಮ್ಮೆ ಕೇಳಿಸಿದೆ. 35 ಮತಗಳಲ್ಲಿ ಎಂಟು ಬದಲಾದವು. ಬದಲಾದವುಗಳಲ್ಲಿ ಹೆಚ್ಚಿನವು ಇಳಯರಾಜ ಅವರ ಎರಡು ಹಾಡುಗಳ ನಡುವಿನ ಜೋಡಿಯಲ್ಲಿದ್ದವು, ಅಲ್ಲಿ ನನ್ನನ್ನು ಕೇಳಿದರೂ ನಾನು ಎರಡು ಸಲ ಎರಡು ಉತ್ತರ ಕೊಡುತ್ತಿದ್ದೆ. ನಾಲ್ಕು-ಮೂರರ ಗೆಲುವನ್ನು ಈ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಒಬ್ಬರ ಹೆಬ್ಬೆರಳು ಪಕ್ಕಕ್ಕೆ ಸರಿದಿದ್ದರೆ ವಿಜೇತರು ಬೇರೆಯಾಗುತ್ತಿದ್ದರು.

ಮುಂದಿನ ಸರದಿ ಪಿ.ಬಿ. ಶ್ರೀನಿವಾಸ್ ಅವರದು. ಅದಕ್ಕೆ ಮೊದಲು ಡಬ್ಬಿಯಲ್ಲಿ ಎರಡು ಬದಲಾವಣೆ ಮಾಡುತ್ತಿದ್ದೇನೆ. ಲ್ಯಾನ್ ಕೇಬಲ್ಲುಗಳನ್ನು ನೇರವಾಗಿ ಬೆಸೆದಿರುವುದರಿಂದ ಏಳು ಬಾಲಗಳ ಈ ಪ್ರಾಣಿಯನ್ನು ಚೀಲದಲ್ಲಿ ಒಯ್ಯುವುದು ಕಷ್ಟ. ಅವುಗಳ ತುದಿಗೆ ಸಾಕೆಟ್ಟು ಹಾಕಬೇಕು. ಗುಂಡಿ ಎಷ್ಟು ಸಮಯದ ನಂತರ ಒತ್ತಲ್ಪಟ್ಟಿತು ಎಂಬುದನ್ನೂ ಮತದ ಜೊತೆಗೆ ಬರೆದಿಡಲು ಪ್ರತಿ ಕೇಳುಗರಿಗೂ ಇನ್ನೊಂದು ಬೈಟು ಕೊಡುವ ಯೋಚನೆಯಿದೆ. ಸ್ಮೃತಿಯಲ್ಲಿ ಅದಕ್ಕೆ ಧಾರಾಳ ಜಾಗವಿದೆ. ಹಾಡು ಮುಗಿಯುವ ಮುಂಚೆಯೇ ಒತ್ತಿದ ಮತಕ್ಕೂ ಹತ್ತು ಸೆಕೆಂಡು ತಡೆದು ಒತ್ತಿದ ಮತಕ್ಕೂ ಸಮಾನ ಬೆಲೆ ಕೊಡಬೇಕೇ ಎಂಬುದನ್ನು ಬಳಗ ಇನ್ನೂ ತೀರ್ಮಾನಿಸಿಲ್ಲ.